ಕೂಸಿನ ಕೌದಿ ತೆಳ್ಳಗಿರಲಿ

ಪುಣೆಯಲ್ಲಿ ನಮ್ಮ ಬಳಗದ ಯಾವ ಮನೆಯಲ್ಲಿ ತೊಟ್ಟಿಲು ತೂಗಿದರೂ ಉಡುಗೊರೆಗಳ ರಾಶಿಯಲ್ಲಿ ಒಂದೆರಡು ದಪ್ಪನೆಯ ರಜಾಯಿಗಳು ಬಂದೇ ಬರುತ್ತವೆ. ಹೊಳೆಯುವ ಸಾಟಿನ್ ಬಟ್ಟೆ, ಒಳಗೆ ಉಬ್ಬಿಕೊಂಡಿರುವ ಪಾಲಿಯೆಸ್ಟರ್ ಹತ್ತಿ, ಮೇಲೆ ಕರಡಿಮರಿಯ ಚಿತ್ರ, ಜೊತೆಗೆ ಅದೇ ಬಟ್ಟೆಯ ಸಾಸಿವೆ ದಿಂಬು, ಕೂಸಿನ ಎರಡೂ ಮಗ್ಗುಲಿಗೆ ಇಡುವ ಪುಟ್ಟ ಲೋಡುಗಳು. ಮರಾಠಿ ನೆರೆಯವರು ಬಾಳಂತವಿಡಾ ಎಂದು ಕೊಡುವ ಗಂಟಿನಲ್ಲೂ ಈಚೆಗೆ ಇವೇ ಹೆಚ್ಚು. ನೋಡುವುದಕ್ಕೆ ಇವು ಚೆಂದವಾಗಿಯೇ ಇರುತ್ತವೆ. ಆದರೆ ಬೆವರನ್ನು ಹೀರದ, ಎರಡು ಸಲ ಒಗೆದರೆ ಒಳಗೆಲ್ಲ ಗಂಟುಗಟ್ಟುವ, ಎಳೆಗೂಸಿನ ಮುಖದ ಹತ್ತಿರ ಸುಳಿಯಲೇಬಾರದ ಈ ವಸ್ತುಗಳಿಗೆ ಜನ ಇಷ್ಟು ದುಡ್ಡು ಸುರಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರ ಅಟ್ಟದ ಮೇಲಿನ ಟ್ರಂಕಿನಲ್ಲಿ ಇದಕ್ಕಿಂತ ಎಷ್ಟೋ ಮೇಲಾದ ಸಾಮಗ್ರಿ, ಹಳೆಯ ನೂಲಿನ ಸೀರೆ ಧೋತರ, ಬಿದ್ದಿರುತ್ತದೆ. ಅದನ್ನು ಪದರ ಪದರವಾಗಿ ಕೂಡಿಸಿ ಕೌದಿ ಹೊಲಿಯುವುದು ಹೇಗೆ ಎಂದು ಬಳಗದ ಹೆಣ್ಣುಮಕ್ಕಳು ಕೇಳುತ್ತಲೇ ಇರುವುದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸೂಜಿಗೆ ದಾರ ಪೋಣಿಸುವ ಮೊದಲು ಒಂದು ಮಾತನ್ನು ತೀರ್ಮಾನ ಮಾಡಿಕೊಳ್ಳಬೇಕು. ಈ ಕೌದಿ ಕೂಸಿನ ಮೇಲೆ ಹೊದಿಸುವುದಕ್ಕೋ, ಕೆಳಗೆ ಹಾಸುವುದಕ್ಕೋ? ನನ್ನ ಉತ್ತರ ಹಾಸುವುದಕ್ಕೆ, ಅದೂ ಕೂಸು ಎಚ್ಚರವಾಗಿರುವಾಗ. ಮಲಗಿ ನಿದ್ದೆಹೋದ ಕೂಸಿನ ಮೇಲೆ ಸಡಿಲವಾದ ಹೊದಿಕೆ ಇದ್ದರೆ ಅದು ಮೂಗು ಬಾಯಿಗಳ ಮೇಲೆ ಸರಿದು ಬರಬಹುದು. ಹಾಗೆ ಬಂದರೆ ಅದನ್ನು ತಳ್ಳಿಹಾಕುವ ಶಕ್ತಿ ಮೊದಲ ತಿಂಗಳುಗಳಲ್ಲಿ ಕೂಸಿನ ಕೈಗೆ ಇರುವುದಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘವು ಕೂಸುಗಳನ್ನು ಬೋರಲಾಗಿ ಮಲಗಿಸಬಾರದು ಎಂಬ ಸಲಹೆಯನ್ನು 1992ರಲ್ಲಿ ಕೊಟ್ಟಿತು; 2022ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ, ಮೊದಲ ವರ್ಷವೆಲ್ಲ ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿ ಇರಬೇಕು, ಅದರ ಮೇಲೆ ಬಿಗಿಯಾಗಿ ಎಳೆದು ಕೂರಿಸಿದ ಒಂದು ಹಾಸುಬಟ್ಟೆಯ ಹೊರತು ದಿಂಬು, ರಜಾಯಿ, ಗೊಂಬೆ, ಲೋಡು ಯಾವುದೂ ಇರಬಾರದು ಎಂದು ಹೇಳಿದೆ. ತೊಟ್ಟಿಲ ಸುತ್ತ ಕಟ್ಟುವ ಮೆತ್ತನೆಯ ಪಟ್ಟಿಗಳ ಮಾರಾಟವನ್ನೇ ಅಮೆರಿಕದಲ್ಲಿ ಅದೇ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದ್ದಾರೆ. ನಮ್ಮ ಅಜ್ಜಿಯರು ಕೌದಿ ಹೊದಿಸಿಯೇ ನಮ್ಮನ್ನೆಲ್ಲ ಬೆಳೆಸಲಿಲ್ಲವೇ ಎಂದು ಕೇಳುವವರಿದ್ದಾರೆ. ಬೆಳೆಸಿದರು, ನಿಜ. ಆದರೆ ಆ ಕಾಲದಲ್ಲಿ ಯಾವ ಕೂಸು ಯಾಕೆ ಹೋಯಿತೆಂದು ಲೆಕ್ಕ ಇಟ್ಟವರು ಯಾರೂ ಇರಲಿಲ್ಲ.

ಹಾಗಾದರೆ ಕೌದಿಯ ಕೆಲಸವೇನು ಎಂದರೆ, ಕೂಸಿಗೆ ಎಚ್ಚರವಿರುವ ಹೊತ್ತು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ. ಎಣ್ಣೆ ಹಚ್ಚಿ ತಿಕ್ಕುವಾಗ ಕೆಳಗೆ ಹಾಸಬೇಕು. ಬೋರಲಾಗಿ ಹಾಕಿ ಕುತ್ತಿಗೆ ಎತ್ತುವುದನ್ನು ರೂಢಿ ಮಾಡಿಸುವಾಗ ನೆಲದ ತಂಪು ತಗಲದಂತೆ ಹಾಸಬೇಕು. ಮುಂದೆ ಅಂಬೆಗಾಲಿಡುವಾಗ ಟೈಲ್ಸಿನ ಮೇಲೆ ಮೊಣಕಾಲು ಜಾರದಂತೆ ಹಾಸಬೇಕು. ಬಂದವರ ತೊಡೆಯ ಮೇಲೆ ಕೂಸನ್ನು ಕೊಡುವಾಗ, ಡಾಕ್ಟರ ಹತ್ತಿರ ಸೂಜಿ ಹಾಕಿಸಲು ಹೊರಟಾಗ, ಬಸ್ಸಿನಲ್ಲಿ ಊರಿಗೆ ಹೋಗುವಾಗ, ಎಲ್ಲಕ್ಕೂ ಒಂದು ತೆಳು ಕೌದಿ ಬೇಕು. ಈ ಕೆಲಸಗಳಿಗೆಲ್ಲ ಬೇಕಾದದ್ದು ದಪ್ಪವಲ್ಲ. ಬೇಗ ಹೀರಬೇಕು, ಬೇಗ ಒಗೆಯಲು ಬರಬೇಕು, ಬೇಗ ಒಣಗಬೇಕು, ಅಷ್ಟಾದರೆ ಸಾಕು.

ನನ್ನ ಮೈದುನನ ಮಗಳು ಈಗ ತುಂಬಿದ ಬಸುರಿ. ನಾನು ಹೊಲಿಯುತ್ತಿದ್ದುದನ್ನು ಎತ್ತಿ ಬೆರಳುಗಳ ನಡುವೆ ಹಿಡಿದು ನೋಡಿ, "ಕಾಕೂ, ಇಷ್ಟ್ ತೆಳ್ಳಗ ಯಾಕ ಹೊಲೀಲಿಕ್ಕತ್ತೀರಿ? ಡಿಸೆಂಬರದಾಗ ಇಲ್ಲೆ ಥಂಡಿ ಭಾಳ ಇರ್ತದಲ್ರೀ," ಎಂದಳು. ಅವಳ ಮಾತು ಸುಳ್ಳಲ್ಲ. ಪುಣೆಯ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆದರೆ ಚಳಿಗೆ ಮದ್ದು ಕೂಸಿನ ಮೈಮೇಲಿನ ಉಡುಪಿನಲ್ಲಿದೆ. ದೊಡ್ಡವರಾದ ನಾವು ಎಷ್ಟು ತೊಟ್ಟರೆ ನಮಗೆ ಹಿತವೋ ಅದಕ್ಕಿಂತ ಒಂದು ಪದರ ಹೆಚ್ಚು ತೊಡಿಸಿದರೆ ಕೂಸಿಗೆ ಸಾಕಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ರಾತ್ರಿಗೆ ಬೇಕಿದ್ದರೆ ಅದೇ ಹಳೆಯ ಮಲಮಲ್ ಬಟ್ಟೆಯನ್ನು ಎರಡು ಪದರ ಮಾಡಿ, ಕೈಗಳು ಹೊರಗಿರುವ, ಕೊರಳಿನ ಹತ್ತಿರ ಸರಿಯಾಗಿ ಕೂರುವ, ಕಾಲಿನ ಕಡೆ ಮುಚ್ಚಿದ ಸಡಿಲ ಅಂಗಿಯನ್ನು ಹೊಲಿಯಬಹುದು; ಅದು ಮುಖದ ಮೇಲೆ ಬರುವುದಿಲ್ಲ, ಕಾಲು ಝಾಡಿಸಿದರೆ ಕಳಚಿ ಬೀಳುವುದೂ ಇಲ್ಲ. ಕೂಸಿಗೆ ಸೆಕೆಯಾಗಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಅಂಗೈ ಅಂಗಾಲು ಮುಟ್ಟಿ ಪ್ರಯೋಜನವಿಲ್ಲ, ಅವು ಹೇಗೂ ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಬೆವರಿದ್ದರೆ ಒಂದು ಪದರ ತೆಗೆಯಬೇಕು.

ಸುತ್ತುವ ಬಟ್ಟೆಯ ಬಗೆಗೂ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿಯವರು ದುಪಟೆ ಎನ್ನುವ ಚೌಕದಲ್ಲಿ ಕೂಸನ್ನು ಗಂಟಿನಂತೆ ಬಿಗಿದು ಕಟ್ಟಿ, ಕಾಲು ನೆಟ್ಟಗಾಗಲಿ ಎಂದು ಎರಡೂ ಕಾಲುಗಳನ್ನು ಎಳೆದು ಜೋಡಿಸಿ ಸುತ್ತುವ ರೂಢಿ ಇನ್ನೂ ಇದೆ. ಸೊಂಟದ ಕೀಲು ಕೂಡಿಕೊಳ್ಳುವ ಕಾಲದಲ್ಲಿ ಹೀಗೆ ಕಾಲುಗಳನ್ನು ನೆಟ್ಟಗೆ ಬಿಗಿದರೆ ಕೀಲು ತಪ್ಪುವ ಸಂಭವ ಹೆಚ್ಚುತ್ತದೆ. ಕಪ್ಪೆಯ ಕಾಲಿನ ಹಾಗೆ ತೊಡೆಗಳು ಮಡಚಿ ಅಗಲವಾಗಿರಲು ಜಾಗ ಬಿಟ್ಟು ಸುತ್ತಬೇಕು, ಕೂಸು ಹೊರಳಲು ಹವಣಿಸುತ್ತಿದೆ ಎಂದು ಕಂಡ ದಿನದಿಂದ ಸುತ್ತುವುದನ್ನೇ ನಿಲ್ಲಿಸಬೇಕು.

ಈಗ ಬಟ್ಟೆಗೆ ಬರೋಣ. ಹೊಸ ಬಟ್ಟೆಯಿಂದ ಹೊಲಿದ ಕೌದಿ ಎಷ್ಟೇ ಬೆಲೆಯದಾದರೂ ಮೊದಲ ವರ್ಷ ಕೂಸಿನ ಮೈಗೆ ಒಗ್ಗುವುದಿಲ್ಲ ಎಂಬುದು ನನ್ನ ಹಟ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೂಲು ಇನ್ನೂ ಸೆಟೆದುಕೊಂಡಿರುತ್ತದೆ, ಒಗೆದಾಗ ಒಂದೊಂದು ಪದರ ಒಂದೊಂದು ಅಳತೆಗೆ ಕುಗ್ಗಿ ಕೌದಿಯ ಮೈ ಸುಕ್ಕುಗಟ್ಟುತ್ತದೆ. ವರ್ಷಾನುಗಟ್ಟಲೆ ಉಟ್ಟು ಒಗೆದ ನೂಲಿನ ಸೀರೆಯಲ್ಲಿ ಕುಗ್ಗುವುದೆಲ್ಲ ಕುಗ್ಗಿ, ಬಿಡುವ ಬಣ್ಣವೆಲ್ಲ ಬಿಟ್ಟು, ಎಳೆಗಳು ಸವೆದು ನೀರನ್ನು ಬೇಗ ಹೀರುವಂತಾಗಿರುತ್ತವೆ. ಧೋತರ ಇನ್ನೂ ಒಳ್ಳೆಯದು. ಅಜ್ಜನ ಹಳೆಯ ಧೋತರ ಒಂದಿದ್ದರೆ ಅದನ್ನು ಕೂಸಿನ ಮೈಗೆ ತಾಗುವ ಮೇಲಿನ ಪದರಕ್ಕೆ ತೆಗೆದಿಡಬೇಕು. ಮಲಮಲ್ ಎಂದು ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವ ಬಟ್ಟೆ ಅದರ ಮೃದುತ್ವಕ್ಕೆ ಬರಬೇಕಾದರೆ ಬಹಳ ಸಲ ಒಗೆಸಿಕೊಳ್ಳಬೇಕು.

ತೊಂದರೆಯೆಂದರೆ, ಪುಣೆಯ ಮನೆಗಳಲ್ಲಿ ಇಂಥ ಹಳೆಯ ಬಟ್ಟೆ ಉಳಿಯುವುದೇ ಅಪರೂಪ. ಹಳೆಯ ಸೀರೆಗಳನ್ನು ಕೊಟ್ಟು ಸ್ಟೀಲಿನ ಡಬ್ಬಿ, ಪಾತೇಲಿ ತೆಗೆದುಕೊಳ್ಳುವ ಅಭ್ಯಾಸ ಇಲ್ಲಿ ಬಲವಾಗಿದೆ. ತಲೆಯ ಮೇಲೆ ಪಾತ್ರೆಗಳ ಬುಟ್ಟಿ ಹೊತ್ತು ಬರುವ ಬೋಹಾರೀಣಿ ಒಳ್ಳೆಯ ನೂಲಿನ ಸೀರೆಯನ್ನೇ ಆರಿಸಿ ಆರಿಸಿ ಕೇಳುತ್ತಾಳೆ. ಬಟ್ಟೆಯ ಬೆಲೆ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳಿದ್ದರೆ ಪಾತ್ರೆಯ ಆಸೆಯನ್ನು ಬದಿಗಿಟ್ಟು ಒಂದೆರಡು ಸೀರೆಗಳನ್ನಾದರೂ ಉಳಿಸಿಕೊಳ್ಳಬೇಕು.

ಟ್ರಂಕಿನಿಂದ ತೆಗೆದ ಸೀರೆ ನೂಲಿನದೋ ಅಲ್ಲವೋ ಎಂಬ ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಬಿಚ್ಚಿ ಬೆಂಕಿಗೆ ಹಿಡಿಯಬೇಕು. ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಬೂದಿಯ ನಡುವೆ ಮಣಿ ಸಿಗುತ್ತದೆ. ಅದನ್ನು ಬಳಸಲೇಬಾರದೆಂದಿಲ್ಲ, ಆದರೆ ಮೇಲಿನ ಪದರಕ್ಕೆ ಬೇಡ. ಇಳಕಲ್ ಸೀರೆಯನ್ನು ಕೌದಿಗೆ ಹಾಕುವವರು ಒಡಲನ್ನೂ ಸೆರಗನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಡಲು ನೂಲಿನದಾಗಿದ್ದು ಅಂಚು ಸೆರಗುಗಳು ರೇಷ್ಮೆಯವೋ ಕೃತಕ ರೇಷ್ಮೆಯವೋ ಆಗಿರುವುದು ಸಾಮಾನ್ಯ. ತೋಪು ತೆನೆಯ ಸೆರಗು ಎಷ್ಟು ಚೆಂದವಾಗಿದ್ದರೂ ಅದನ್ನು ಅಡಿಭಾಗಕ್ಕೆ ಇಲ್ಲವೇ ಮೂಲೆಗಳಿಗೆ ಇಟ್ಟುಕೊಳ್ಳಬೇಕು. ಕೆಂಪು ಮತ್ತು ಕಡುನೀಲಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ, ಬಿಳಿಯ ತುಂಡಿನ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯುತ್ತದೆ. ಕೂಸು ಕೈಗೆ ಸಿಕ್ಕ ಮೂಲೆಯನ್ನು ಬಾಯಿಗಿಟ್ಟು ಚೀಪುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಪರೀಕ್ಷೆಯನ್ನು ಯಾರೂ ಬಿಡಲಾರರು. ಜರಿ ಚುಚ್ಚುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕು. ಟಿಕಳಿ, ಮಣಿ, ಗುಂಡಿಗಳು ಬೇಡ. ನಮ್ಮ ಕಡೆಯ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆಗಳನ್ನು ಕೂಡಿಸಿ ಹಾಕುವ ಕಸೂತಿ ಕಣ್ಣಿಗೆ ಹಬ್ಬವಾದರೂ ಅದರ ಜಾಗ ಗೋಡೆಯ ಮೇಲೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಡಾಂಬರು ಗುಳಿಗೆಯದು, ಅಂದರೆ ನುಸಿಗುಳಿಗೆಯದು. ಹಳೆಯ ಸೀರೆಗಳ ಟ್ರಂಕು ತೆರೆದರೆ ಮೊದಲು ಮೂಗಿಗೆ ಹೊಡೆಯುವುದು ಅದರ ವಾಸನೆಯೇ. ಆ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಅದು ಕರಗದೆ ನೇರವಾಗಿ ಆವಿಯಾಗಿ ಬಟ್ಟೆಯ ಪದರ ಪದರದಲ್ಲೂ ಸೇರಿಕೊಳ್ಳುತ್ತದೆ. ದೊಡ್ಡವರಲ್ಲಿ ಬಹುಪಾಲು ಜನರಿಗೆ ಅದರಿಂದ ತಲೆನೋವು ಬಂದರೆ ಹೆಚ್ಚು. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಕೂಸುಗಳಲ್ಲಿ ಈ ಆವಿಯಿಂದ ರಕ್ತದ ಕೆಂಪು ಕಣಗಳು ಒಡೆದುಹೋಗಿ, ಕಾಮಾಲೆ ಏಕಾಏಕಿ ಏರಿ, ಮಿದುಳಿಗೂ ಪೆಟ್ಟು ಬೀಳುವಷ್ಟಾಗಬಹುದು. ಈ ಕೊರತೆ ಸಾಮಾನ್ಯವಾಗಿ ತಾಯಿಯಿಂದ ಬರುವುದು, ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡುಮಕ್ಕಳಲ್ಲಿ. ಹುಟ್ಟಿದ ಮೊದಲ ದಿನಗಳಲ್ಲಿ ಯಾವ ಕೂಸಿಗೆ ಅದು ಇದೆ, ಯಾವುದಕ್ಕೆ ಇಲ್ಲ ಎಂದು ನೋಡಿ ಹೇಳಲು ಬರುವುದಿಲ್ಲ. ಗುಳಿಗೆ ಹಾಕಿಟ್ಟ ಬಟ್ಟೆ, ಹೊದಿಕೆಗಳನ್ನು ನೇರವಾಗಿ ಕೂಸಿಗೆ ಬಳಸಿದ್ದರಿಂದ ಹೀಗಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೈಗೆ ಎಣ್ಣೆ ಹಚ್ಚಿದ್ದರೆ ಅದು ಚರ್ಮದೊಳಕ್ಕೆ ಇನ್ನೂ ಸುಲಭವಾಗಿ ಇಳಿಯುತ್ತದೆ ಎಂಬುದನ್ನು, ದಿನವೂ ಎಣ್ಣೆ ತಿಕ್ಕಿಸುವ ನಮ್ಮ ಮನೆಗಳವರು ಗಮನಿಸಬೇಕು.

ಆದ್ದರಿಂದ ಕೌದಿಗೆಂದು ಆರಿಸಿದ ಸೀರೆಗಳನ್ನು ಹೆರಿಗೆಗೆ ತಿಂಗಳುಗಳ ಮೊದಲೇ ಟ್ರಂಕಿನಿಂದ ಹೊರತೆಗೆದು, ಬಿಡಿಸಿ, ಗಾಳಿಯಾಡುವ ಕಡೆ ಹರವಬೇಕು. ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ ಹಾಕಬೇಕು. ಮೂಗಿನ ಹತ್ತಿರ ಹಿಡಿದಾಗ ವಾಸನೆಯ ಸುಳಿವೂ ಇಲ್ಲವಾಗುವ ತನಕ ಮತ್ತೆ ಮತ್ತೆ ಒಗೆದು ಒಣಗಿಸಬೇಕು. ಹೊಲಿದು ಮುಗಿದ ಕೌದಿಯನ್ನು ಮಾತ್ರ ಯಾವ ಕಾರಣಕ್ಕೂ ಆ ಟ್ರಂಕಿಗೆ ಮರಳಿಸಬಾರದು. ಒಣಗಿದ ಬೇವಿನ ಎಲೆ ಹಾಕಿದ ಹತ್ತಿಯ ಚೀಲ ಸಾಕು. ಗುಳಿಗೆಯ ಬದಲು ಕರ್ಪೂರ ಇಡೋಣವೇ ಎಂದು ಕೇಳುವವರಿಗೂ ನಾನು ಬೇಡವೆಂದೇ ಹೇಳುತ್ತೇನೆ.

ಅಳತೆಯ ಲೆಕ್ಕ ಬಹಳ ಸುಲಭ. ಆರು ಗಜದ ಸೀರೆಯ ಉದ್ದ 216 ಇಂಚು, ಅಗಲ ಸಾಮಾನ್ಯವಾಗಿ 45 ಇಂಚಿನಷ್ಟು. ಗಜಕ್ಕೊಂದರಂತೆ ಅಡ್ಡಲಾಗಿ ಕತ್ತರಿಸಿದರೆ 36 ಇಂಚು ಅಗಲ, 45 ಇಂಚು ಉದ್ದದ ಆರು ತುಂಡುಗಳು ಸಿಗುತ್ತವೆ, ಒಂದಿಷ್ಟೂ ವ್ಯರ್ಥವಾಗದೆ. ಕೂಸಿನ ಕೌದಿಗೆ ಇದಕ್ಕಿಂತ ಹೇಳಿಮಾಡಿಸಿದ ಅಳತೆ ಇಲ್ಲ. ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಪುಣೆಯ ಹವೆಗೆ ಸಾಕು. ಉಳಿದ ಎರಡು ಸುತ್ತುವ ಬಟ್ಟೆಗಳಾಗುತ್ತವೆ. ಮುಂಬೈಯಲ್ಲಿರುವ ನಮ್ಮ ಅತ್ತಿಗೆ ಮೂರೇ ಪದರ ಹಾಕುತ್ತಾರೆ, ಅಲ್ಲಿಯ ಸೆಕೆಗೆ ಅದೇ ಸರಿ. ಒಳಗೆ ಹತ್ತಿ ತುಂಬುವ ಗೋಜಿಗೆ ಹೋಗಬೇಡಿ. ಹತ್ತಿ ತುಂಬಿದ್ದು ಮಳೆಗಾಲದಲ್ಲಿ ಒಣಗುವುದಿಲ್ಲ, ಒಣಗಿದರೂ ಮೂತ್ರದ ವಾಸನೆ ಬಿಡುವುದಿಲ್ಲ. ಹೆಚ್ಚು ಹೀರಬೇಕೆನಿಸಿದರೆ ಸವೆದ ಟರ್ಕಿ ಟವೆಲ್ಲೊಂದನ್ನು ನಡುವಿನ ಪದರವಾಗಿ ಇಡಬಹುದು. ಕೆಳಗೆ ರಬ್ಬರ್ ಹಾಳೆ ಹಾಸಬೇಕೆನ್ನುವವರು ಕೌದಿಯ ಅಡಿಗೆ ಹಾಸಲಿ, ಕೌದಿಯೊಳಗೆ ಸೇರಿಸಿ ಹೊಲಿಯಬಾರದು. ಹಾಗೆ ಹೊಲಿದುದನ್ನು ಕುದಿಯುವ ನೀರಿಗೆ ಹಾಕಲಾಗದು, ಹಾಳೆ ಬಿರಿದರೆ ಇಡೀ ಕೌದಿಯೇ ಹೋದಂತೆ.

ಇನ್ನು ಹೊಲಿಗೆ. ನಮ್ಮ ಸೊಸೈಟಿಯ ಹಿಂದೆ ಕಟ್ಟಡ ಏಳುತ್ತಿದೆ. ಅಲ್ಲಿಯ ತಗಡಿನ ಶೆಡ್ಡುಗಳಲ್ಲಿ ಇರುವವರಲ್ಲಿ ಅರ್ಧ ಜನ ನಮ್ಮ ಇಂಡಿ, ಸಿಂದಗಿ ಕಡೆಯವರೇ. ಕೆಲಸವಿಲ್ಲದ ಮಧ್ಯಾಹ್ನ ಅವರಲ್ಲೊಬ್ಬಾಕೆ ಶೆಡ್ಡಿನ ನೆರಳಿನಲ್ಲಿ ಕೂತು ಕೌದಿ ಹೊಲಿಯುತ್ತಾಳೆ. ನಾನು ಹೊಲಿಗೆಯ ತರಗತಿಗಳಿಗೂ ಹೋದವಳೇ, ಆದರೆ ನಿಜವಾಗಿ ಕಲಿತದ್ದು ಅವಳ ಕೈಯನ್ನು ನೋಡಿ. ಒಂದು ಕಾಲನ್ನು ನೀಡಿ ಕೂತು, ಬಟ್ಟೆಯ ಅಂಚನ್ನು ಆ ಕಾಲಿನ ಹೆಬ್ಬೆಟ್ಟಿನ ಅಡಿಗೆ ಸಿಕ್ಕಿಸಿ ಎಳೆದು ಹಿಡಿದುಕೊಳ್ಳುತ್ತಾಳೆ. ಎಡಗೈ ಕೌದಿಯ ಅಡಿಯಲ್ಲಿ ಇರುತ್ತದೆ, ಸೂಜಿಯ ತುದಿ ತೂರಿ ಬಂದುದನ್ನು ಬೆರಳೇ ಹೇಳಬೇಕು. ಬಲಗೈಯ ನಡುಬೆರಳಿಗೆ ಚಿಂದಿ ಸುತ್ತಿರುತ್ತಾಳೆ. ಒಂದೊಂದೇ ಟಾಕಿ ಹಾಕಿ ಸೂಜಿ ಎಳೆಯುವುದಿಲ್ಲ. ನಾಲ್ಕೈದು ಟಾಕಿಗಳನ್ನು ಸೂಜಿಯ ಮೇಲೆ ಕೂಡಿಸಿಕೊಂಡು, ಆಮೇಲೆ ಒಮ್ಮೆಗೇ ದಾರವನ್ನು ಜಗ್ಗಿ, ಹೆಬ್ಬೆರಳಿನ ಉಗುರಿನಿಂದ ಹೊಲಿಗೆಯ ಸಾಲನ್ನು ನೀವುತ್ತಾಳೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಗಲ, ಅದಕ್ಕೆ ಗೆರೆಯೂ ಬೇಡ, ಪಟ್ಟಿಯೂ ಬೇಡ. ನಾನು ಅವಳೆದುರು ಕೂತು ಹೊಲಿಯುತ್ತಿದ್ದಾಗ ನನ್ನ ಕೈಯನ್ನು ನೋಡಿ ಅವಳು, "ಎಳೀಬ್ಯಾಡ್ರಿ ಅಕ್ಕಾರ, ದಾರ ತಾನಾಗೇ ಕೂಡ್ತದ. ಜಗ್ಗಿದ್ರ ಕೌದಿ ಮಾರಿ ಸಣ್ಣದ ಮಾಡ್ತದ," ಎಂದಳು. ಸುಕ್ಕಿಗೆ ಕಾರಣ ಬಿಗಿ ಹೊಲಿಗೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಕೂಸಿನ ಕೌದಿಯ ಸಾಲುಗಳನ್ನು ನಾನು ಅವಳಿಗಿಂತ ತುಸು ಹತ್ತಿರ ಹಾಕುತ್ತೇನೆ. ದಿನವೂ ಹಿಂಡಿ ಒಣಗಿಸುವ ಬಟ್ಟೆಯಾದ್ದರಿಂದ ಸಾಲುಗಳು ದೂರವಿದ್ದರೆ ಪದರಗಳು ಒಂದರೊಳಗೊಂದು ಸರಿದು ಮುದ್ದೆಯಾಗುತ್ತವೆ. ದಾರ ನೂಲಿನದೇ ಆಗಿರಬೇಕು. ಪಾಲಿಯೆಸ್ಟರ್ ದಾರ ಗಟ್ಟಿಯಾಗಿದ್ದು, ಸವೆದ ಹಳೆಯ ಬಟ್ಟೆಯನ್ನೇ ಕೊಯ್ಯತೊಡಗುತ್ತದೆ. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ದಾರ, ಸೂಜಿ, ಪೈಪಿಂಗ್ ಪಟ್ಟಿ ಎಲ್ಲವೂ ಸಗಟು ದರದಲ್ಲಿ ಸಿಗುತ್ತವೆ. ಶನಿವಾರ ಸಂಜೆ ಮಾತ್ರ ಆ ಕಡೆ ಹೋಗಬಾರದು, ಕಾಲಿಡಲು ಜಾಗವಿರುವುದಿಲ್ಲ. ದಾರದ ಮೇಲೆ ಮೇಣದ ತುಂಡನ್ನು ಒಮ್ಮೆ ಎಳೆದುಕೊಂಡರೆ ಅದು ಸಿಕ್ಕಾಗುವುದಿಲ್ಲ. ಗಂಟನ್ನು ಮೇಲೆ ಕಾಣುವಂತೆ ಬಿಡದೆ ಎರಡು ಪದರಗಳ ನಡುವಿನಿಂದ ಆರಂಭಿಸಿ, ಕೊನೆಯಲ್ಲಿ ಅದೇ ಜಾಗದಲ್ಲಿ ಎರಡು ಸಲ ಹಿಂದಕ್ಕೆ ಹೊಲಿದು, ದಾರದ ತುದಿಯನ್ನು ಒಳಕ್ಕೆ ತೂರಿಸಿ ಕತ್ತರಿಸಬೇಕು. ಇದು ಬರೀ ಅಂದಕ್ಕಾಗಿ ಹೇಳುವ ಮಾತಲ್ಲ. ಸಡಿಲವಾಗಿ ತೂಗಾಡುವ ದಾರದ ಎಳೆ ಕೂಸಿನ ಬೆರಳಿಗೋ ಕಾಲ್ಬೆರಳಿಗೋ ಸುತ್ತಿಕೊಂಡು ಬಿಗಿದು ರಕ್ತಸಂಚಾರವನ್ನೇ ನಿಲ್ಲಿಸುವುದುಂಟು. ಯಾಕೆ ಅಳುತ್ತಿದೆಯೆಂದು ತಿಳಿಯದ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಚಿಕ್ಕ ಕೌದಿಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ವಿಧಾನ ಉತ್ತರ ಕನ್ನಡದ ಸಿದ್ದಿಯರದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಂಗಸರು ತುಂಡುಗಳನ್ನೆಲ್ಲ ಮೊದಲು ಜೋಡಿಸಿ ಮೇಲ್ಪದರವನ್ನು ತಯಾರಿಸಿ ಆಮೇಲೆ ಪದರಗಳ ಮೇಲೆ ಹಾಕುವುದಿಲ್ಲ. ಕೆಳಗೆ ಸೀರೆಯನ್ನು ಹಾಸಿ, ಅಂಚಿನ ಒಂದು ಮೂಲೆಯಲ್ಲಿ ಆರಂಭಿಸಿ, ಬಟ್ಟೆಯ ತುಂಡುಗಳ ಅಂಚನ್ನು ಮಡಚಿಕೊಳ್ಳುತ್ತ, ಪದರಗಳೆಲ್ಲ ಕೂಡುವಂತೆ ಹೊಲಿಯುತ್ತ ಸುತ್ತು ಬಂದು ನಡುವಿಗೆ ಸೇರುತ್ತಾರೆ. ಹೀಗೆ ಮಾಡಿದಾಗ ಅಂಚು ಮೊದಲೇ ಭದ್ರವಾಗಿರುತ್ತದೆ, ಬೇರೆ ಪಟ್ಟಿ ಕೂಡಿಸಬೇಕಾಗಿಲ್ಲ, ದರ್ಜಿಯ ಅಂಗಡಿಯ ಅಂಗೈಯಗಲದ ಚೂರೂ ಉಪಯೋಗಕ್ಕೆ ಬರುತ್ತದೆ. ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಚೂರುಗಳನ್ನು ಕೂಡಿಸಿ ಫೂಲ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೌದಿಗಳಲ್ಲಿ ಚಂದ್ರ ಕಾಣಿಸುವುದೂ ಉಂಟು. ನಾನು ಗುಳೇದಗುಡ್ಡದ ಖಣದ ಚೂರುಗಳಿಂದ ಮೂಲೆಯ ಹೂವು ಮಾಡುತ್ತೇನೆ. ಖಣ ಬಿರುಸಾದ್ದರಿಂದ ಅದನ್ನು ಅಂಚಿನಾಚೆ ಚಾಚದಂತೆ ಒಳಕ್ಕೆ ಮಡಚಿ ಹೊಲಿಯುವುದು ಒಳ್ಳೆಯದು. ನಡುವಿನ ಕೊನೆಯ ಚೂರನ್ನು ಮುಚ್ಚುವ ಮೊದಲು ಅಕ್ಕಿಯ ನಾಲ್ಕು ಕಾಳು ಇಟ್ಟು, ಕೌದಿಯ ಹೊಟ್ಟೆ ಬರಿದಾಗಿರಬಾರದು ಎನ್ನುವುದು ನಮ್ಮ ಅಜ್ಜಿಯ ಪದ್ಧತಿ. ದಿನವೂ ನೀರಿಗೆ ಬೀಳುವ ಕೂಸಿನ ಕೌದಿಯಲ್ಲಿ ಅಕ್ಕಿ ಕೊಳೆತು ಹುಳ ಬೀಳುತ್ತದೆಂದು ನಾನು ಅದನ್ನು ದೊಡ್ಡವರ ಕೌದಿಗೆ ಮಾತ್ರ ಉಳಿಸಿಕೊಂಡಿದ್ದೇನೆ. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು.

ಉಣ್ಣೆಯ ಹೆಣಿಗೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಬೇಬಿ ವುಲ್ ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್; ಅದು ಬೆಚ್ಚಗಿರುತ್ತದೆ, ಬೆವರನ್ನು ಹೀರುವುದಿಲ್ಲ. ಕ್ರೋಶಾ ಹೊದಿಕೆಯ ದೊಡ್ಡ ಕಣ್ಣುಗಳಲ್ಲಿ ಬೆರಳು ಸಿಕ್ಕುತ್ತದೆ. ಕೈ ಸುಮ್ಮನಿರದವರು ನೂಲಿನ ದಾರದಲ್ಲಿ ಕಣ್ಣು ಒತ್ತಾಗಿ ಬರುವಂತೆ ಹೆಣೆಯಲಿ. ಕುರುಬರ ಕಂಬಳಿಯನ್ನು ಬಾಣಂತಿಯ ಹಾಸಿಗೆಯ ಅಡಿಗೆ ಹಾಸಬಹುದು, ಕೂಸಿನ ಮೈಗೆ ಅದು ಒರಟು. ಹೊರಗೆ ಹೊರಟಾಗ ತಲೆಗೂ ಬೆನ್ನಿಗೂ ಸೇರಿ ಬರುವ ಕುಂಚಿಗೆಯಂಥ ಉಡುಪು ಬೇರೆ ಇಲ್ಲ. ಅದರ ಮೇಲೆ ಕಸೂತಿಯ ಗೋಪುರ, ತೇರು ಹಾಕುವುದಾದರೆ ಹಿಂಬದಿಯ ದಾರ ಮೈಗೆ ತಾಗದಂತೆ ಒಳಗೆ ಮಲಮಲ್ ಅಸ್ತರು ಕೊಡಬೇಕು; ಮನೆಗೆ ಬಂದ ಕೂಡಲೇ, ನಿದ್ದೆ ಹೋಗಿದ್ದರೂ ಸರಿಯೇ, ಅದನ್ನು ಬಿಚ್ಚಬೇಕು.

ಕೌದಿಯ ಆಯುಷ್ಯ ನಿಲ್ಲುವುದು ಒಗೆತದ ಮೇಲೆ. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್ಕನಿಯ ಹಗ್ಗದ ಮೇಲಿನ ಬಟ್ಟೆ ಒಣಗಿತೆಂದು ನಂಬುವಂತಿಲ್ಲ. ಮೇಲಿನ ಪದರ ಒಣಗಿದ್ದರೂ ನಡುವಿನದು ಹಸಿಯಾಗಿರುತ್ತದೆ, ಮಡಚಿಟ್ಟರೆ ಎರಡೇ ದಿನದಲ್ಲಿ ಕರಿ ಚುಕ್ಕೆ ಬೀಳುತ್ತದೆ. ಹಿಂಡಿದ ಕೌದಿಯನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಎರಡು ಹಗ್ಗಗಳ ಮೇಲೆ ಅಗಲವಾಗಿ ಹರವಿ, ಕೊನೆಗೆ ಇಸ್ತ್ರಿ ಹಾಕಬೇಕು; ಇಸ್ತ್ರಿಯಡಿಯಿಂದ ಹಬೆ ಏಳುವುದು ನಿಂತರೆ ಒಣಗಿತೆಂದು ಅರ್ಥ. ಮೃದುವಾಗಲಿ ಎಂದು ಹಾಕುವ ಸುವಾಸನೆಯ ದ್ರವ ಬೇಡ, ಅದು ನೂಲಿನ ಮೇಲೆ ಪೊರೆ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಅಂಟವಾಳಕಾಯಿ ನೆನೆಹಾಕಿದ ನೀರು ಅಥವಾ ಸಾದಾ ಸಾಬೂನು ಸಾಕು, ಮೂರು ಸಲ ಜಾಲಿಸಿ ತೆಗೆಯಬೇಕು. ಒಗೆದ ಬಟ್ಟೆಯನ್ನು ಬುಟ್ಟಿ ಮಗುಚಿ ಕೆಂಡದ ಹೊಗೆಯ ಮೇಲೆ ಒಣಗಿಸುವ ಪದ್ಧತಿಯನ್ನು ಬಾಣಂತಿ ಕೋಣೆಯಲ್ಲಂತೂ ಬಿಡಬೇಕು. ಕೂಸಿನ ಶ್ವಾಸಕ್ಕೆ ಆ ಹೊಗೆ ಒಳ್ಳೆಯದಲ್ಲ.

ಈ ಕಾರಣಕ್ಕಾಗಿಯೇ ನಾನು ಯಾರಿಗೂ ಒಂದೇ ಕೌದಿ ಕೊಡುವುದಿಲ್ಲ. ಒಂದು ನೆಲದ ಮೇಲಿದ್ದರೆ ಇನ್ನೊಂದು ಬಕೆಟ್ಟಿನಲ್ಲಿ, ಮೂರನೆಯದು ಹಗ್ಗದ ಮೇಲೆ ಇರಬೇಕಾಗುತ್ತದೆ. ಮೂರನ್ನೂ ಚಿತ್ತಾರವಾಗಿ ಹೊಲಿಯುವಷ್ಟು ಪುರುಸೊತ್ತು ಇಲ್ಲದವರು ಒಂದನ್ನು ಸಿದ್ದಿಯರ ರೀತಿಯಲ್ಲಿ ಬಣ್ಣಬಣ್ಣವಾಗಿ ಹೊಲಿದು, ಉಳಿದೆರಡಕ್ಕೆ ಧೋತರದ ಪದರಗಳನ್ನು ಕಚ್ಚಾ ಹೊಲಿಗೆಯಿಂದ ಕೂಡಿಸಿಕೊಂಡು ಮಷೀನಿನಲ್ಲಿ ಉದ್ದುದ್ದ ಸಾಲು ಹಾಕಿದರೆ ಸಾಕು. ಮೈದುನನ ಮಗಳಿಗೆ ನಾನು ಮಾಡುತ್ತಿರುವುದೂ ಹಾಗೆಯೇ. ಬಣ್ಣದ ಕೌದಿ ಬಂದವರ ಎದುರು ಹಾಸಲು ತೊಟ್ಟಿಲ ಪಕ್ಕ ಇರುತ್ತದೆ. ಮೊದಲು ಸವೆದು ಹರಿಯುವುದು ಆ ಬಿಳಿಯವೇ, ಅವನ್ನು ಹೊಲಿಯುವಾಗ ಅಂಚಿಗೆ ಎರಡು ಸಾಲು ಹೆಚ್ಚು ಹಾಕಿ.